ಅಗೆಯದೆ ಬರೆದ ಒಂದು ಪುಟ

ಸೋಮಂದೇಪಲ್ಲಿಯ ಗಂಗಣ್ಣ ಕೇಬಲ್ ಹಾಕಿದ್ದರು. ಹಾಕಿಲ್ಲ ಎಂದು ಬರೆದುಕೊಟ್ಟವನು ನಾನು. ಬರೆದದ್ದು ತಪ್ಪೆಂದು ತಿಳಿದ ಮೇಲೂ ಐದು ವರ್ಷ ಬಾಯಿ ಮುಚ್ಚಿಕೊಂಡಿದ್ದವನೂ ನಾನೇ.

ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಸ್ವಭಾವ ನನಗೆ ಗೊತ್ತು — ಸುತ್ತಿ ಬಳಸಿ ಹೊರಟರೆ ನಾಲ್ಕನೆಯ ಪ್ಯಾರಾದ ಹೊತ್ತಿಗೆ ತಪ್ಪು ಯಾರದೆಂಬುದೇ ಮಸುಕಾಗುವ ಹಾಗೆ ಬರೆಯುವ ಕಲೆ ನನಗಿದೆ. ಯಾವುದನ್ನೂ ನಂಬಬೇಡ, ಅಳೆದು ನೋಡು ಎಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಕಲಿಸಿದವರದು ತಪ್ಪಿಲ್ಲ. ನಾನು ಎಲ್ಲರನ್ನೂ ಅನುಮಾನಿಸಿದೆ. ಒಬ್ಬನನ್ನು ಬಿಟ್ಟು.

ನಾನು ಹಿಂದೂಪುರದಲ್ಲಿ ಒಂದು ಖಾಸಗಿ ದೂರಸಂಪರ್ಕ ಕಂಪನಿಯ ಎಂಜಿನಿಯರ್. ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ ನೆಲದಡಿಯಲ್ಲಿ ಹೋಗುವ ಗಾಜಿನ ಎಳೆಯ ಕೇಬಲ್ ನನ್ನ ಸುಪರ್ದಿಯಲ್ಲಿದೆ. ಕೂದಲಿನಷ್ಟು ದಪ್ಪದ ಆ ಒಂದು ಎಳೆಯೊಳಗೆ ಹತ್ತಾರು ಬಣ್ಣದ ಬೆಳಕುಗಳು ಒಟ್ಟಿಗೆ ಓಡುತ್ತವೆ. ಒಂದೊಂದು ಬಣ್ಣದ ಬೆನ್ನ ಮೇಲೂ ಬೇರೆ ಬೇರೆ ಮಾತು, ಬೇರೆ ಬೇರೆ ಬ್ಯಾಂಕು, ಬೇರೆ ಬೇರೆ ಫೋನು. ಎಂ.ಟೆಕ್‌ನಲ್ಲಿ ನಾನು ಎರಡು ವರ್ಷ ಕೂತು ಓದಿದ್ದು ಈ ಬೆಳಕನ್ನು ತುದಿಯಲ್ಲಿ ಹಿಡಿಯುವ ಒಂದು ವಿಧಾನವನ್ನು. ಹಳೆಯ ಯಂತ್ರಗಳಿಗೆ ಗೊತ್ತಿದ್ದದ್ದು ಬೆಳಕು ಬಂತೋ ಇಲ್ಲವೋ ಎಂಬುದಷ್ಟೇ. ಹೊಸ ಯಂತ್ರ ತನ್ನದೇ ಒಂದು ಪುಟ್ಟ ಲೇಸರ್ ದೀಪವನ್ನು ಉರಿಸಿಕೊಂಡು ಕೂತಿರುತ್ತದೆ, ಭಜನೆಯಲ್ಲಿ ಶ್ರುತಿಪೆಟ್ಟಿಗೆ ಹಿಡಿದು ಕೂತವರ ಹಾಗೆ. ದೂರದಿಂದ ಬಂದ ಬೆಳಕನ್ನು ತನ್ನ ಬೆಳಕಿನ ಜತೆ ಬೆರೆಸಿ, ಬಂದ ದನಿ ಶ್ರುತಿಗಿಂತ ಎಷ್ಟು ಮೇಲೆ, ಎಷ್ಟು ಕೆಳಗೆ, ಎತ್ತ ವಾಲಿದೆ ಎಂದೆಲ್ಲ ಲೆಕ್ಕ ಹಾಕುತ್ತದೆ. ಅದಕ್ಕೇ ಒಂದೊಂದು ಬಣ್ಣದಲ್ಲೂ ಮೊದಲಿಗಿಂತ ಹತ್ತು ಪಾಲು ಹೆಚ್ಚು ಮಾತು ತುಂಬಬಹುದು.

ಇದನ್ನು ಓದಿ ಬಂದು ಹನ್ನೊಂದು ವರ್ಷ ನಾನು ಮಾಡಿದ್ದೇನೆಂದರೆ — ಏರ್ ಕಂಡಿಷನರ್ ಕೆಟ್ಟಾಗ ಮೆಕ್ಯಾನಿಕ್‌ನನ್ನು ಕರೆಸಿದ್ದು, ಜನರೇಟರಿಗೆ ಡೀಸೆಲ್ ಹಾಕಿಸಿದ್ದು, ಇಲಿ ಕಡಿದ ವೈರು ಬದಲಿಸಿದ್ದು. ನನ್ನ ವಿಷಯ ಏನೆಂದು ಆಫೀಸಿನಲ್ಲಿ ಒಬ್ಬರೂ ಕೇಳಿರಲಿಲ್ಲ. ಇದನ್ನು ನೆಪವಾಗಿ ಹೇಳುತ್ತಿಲ್ಲ. ನಮ್ಮ ಕೇಬಲಿನ ಎರಡೂ ತುದಿಗೆ ಆ ಹೊಸ ಯಂತ್ರ ಬಂದ ದಿನ ನಾನು ಯಾವ ಹಸಿವಿನಲ್ಲಿದ್ದೆ ಎಂಬುದು ತಿಳಿಯಲಿ ಎಂದು ಹೇಳಿದೆ.

ಗಂಗಣ್ಣನ ಕೆಲಸ ಅದಕ್ಕೆ ಸ್ವಲ್ಪ ಮೊದಲು ಮುಗಿದಿತ್ತು. ಪರಿಗಿ ದಾಟಿದ ಮೇಲೆ ರಸ್ತೆ ಅಗಲ ಮಾಡುತ್ತಾರೆಂದು ಸುದ್ದಿ ಇತ್ತು. ರಸ್ತೆ ಬದಿಯ ಕೇಬಲ್ ಉಳಿಯುವುದಿಲ್ಲವೆಂದು ಆ ಇಪ್ಪತ್ತು ಕಿಲೋಮೀಟರನ್ನು ಬಿಟ್ಟು, ಕೆರೆ ಏರಿಗಳ ಮಗ್ಗುಲಲ್ಲಿ, ಗುಡ್ಡದ ಹಿಂದಿನ ಹೊಲಗಳ ಬದುವಿನಲ್ಲಿ ಸುತ್ತಿ ಹೊಸ ಕೇಬಲ್ ಹಾಕುವ ಗುತ್ತಿಗೆಯನ್ನು ಕಂಪನಿ ಅವರಿಗೆ ವಹಿಸಿತ್ತು. ಸುತ್ತು ದಾರಿ. ಹತ್ತು ಕಿಲೋಮೀಟರ್ ಹೆಚ್ಚು. (ರಸ್ತೆ ಇವತ್ತಿಗೂ ಅಗಲವಾಗಿಲ್ಲ, ಅದು ಬೇರೆ ಮಾತು. ಅಗಲವಾಗಿದ್ದರೆ ನನ್ನ ಸುಳ್ಳು ಆ ವರ್ಷವೇ ಬಯಲಾಗುತ್ತಿತ್ತು.) ಆರು ಜನರ ತಂಡ ಅವರದು. ಗಾಜಿನ ಎಳೆ ಬೆಸೆಯುವುದರಲ್ಲಿ ಈ ಕಡೆ ಅವರ ಕೈಗೆ ಸಾಟಿ ಇರಲಿಲ್ಲ. ಒಂದು ಅಭ್ಯಾಸವಿತ್ತು — ಕೊಳವೆ ಇಟ್ಟು ಅರ್ಧ ಅಡಿ ಮಣ್ಣು ಮುಚ್ಚಿದ ಮೇಲೆ ಒಡೆದ ಹೆಂಚಿನ ಚೂರುಗಳನ್ನು ಸಾಲಾಗಿ ಹಾಸುವುದು, ಆಮೇಲೆ ಉಳಿದ ಮಣ್ಣು. ಎಚ್ಚರಿಕೆಯ ಪ್ಲಾಸ್ಟಿಕ್ ಪಟ್ಟಿ ಹಾಕಿದರೆ ಸಾಕು ಎಂದು ನಾನೊಮ್ಮೆ ಹೇಳಿದ್ದಕ್ಕೆ, ಪಟ್ಟಿ ಕಣ್ಣಿಗೆ ಕಾಣಬೇಕು ಸಾರ್, ಹೆಂಚು ಗುದ್ದಲಿಗೇ ಕೂಗಿ ಹೇಳುತ್ತೆ ಅಂದಿದ್ದರು. ಹಳೆಯ ಮನೆ ಕೆಡವಿದ ಕಡೆಯೆಲ್ಲ ಹೋಗಿ ಹೆಂಚಿನ ಚೂರು ಚೀಲಕ್ಕೆ ತುಂಬಿಸಿಕೊಂಡು ಬರುತ್ತಿದ್ದರು.

ಇನ್ನು ಆ ಅಂಕಿ. ಎಲ್ಲ ಹಾಳು ಮಾಡಿದ ಅಂಕಿ.

ಎಳೆಯೊಳಗೆ ಬೆಳಕು ದೂರ ಹೋದಷ್ಟೂ ಚದುರುತ್ತದೆ. ಪಾದಯಾತ್ರೆಗೆ ಒಟ್ಟಿಗೆ ಹೊರಟ ಗುಂಪು ಮೊದಲ ದಿನ ಒತ್ತಾಗಿ ನಡೆಯುತ್ತದೆ, ಐದನೆಯ ದಿನ ಮುಂದಿನವರಿಗೂ ಹಿಂದಿನವರಿಗೂ ಒಂದು ಹರದಾರಿ ಅಂತರ. ಆ ಅಂತರ ನೋಡಿ ಎಷ್ಟು ದೂರ ನಡೆದು ಬಂದರೆಂದು ಹೇಳಬಹುದಲ್ಲ — ಹಾಗೆಯೇ ಈ ಹೊಸ ಯಂತ್ರ ಬೆಳಕಿನ ಚದುರುವಿಕೆಯನ್ನು ತಾನೇ ಅಳೆದು ಸರಿಪಡಿಸಿಕೊಳ್ಳುತ್ತದೆ. ಅಳತೆಯನ್ನು ಪರದೆಯ ಮೇಲೂ ತೋರಿಸುತ್ತದೆ. ಅದರಿಂದ ಎಳೆಯ ಉದ್ದ ತಿಳಿಯುತ್ತದೆ. ನೆಲ ಅಗೆಯಬೇಕಿಲ್ಲ, ಸಂಪರ್ಕ ನಿಲ್ಲಿಸಬೇಕಿಲ್ಲ. ನನ್ನ ಪಾಲಿಗೆ ಅದು ಯಂತ್ರದ ಅತಿ ಸುಂದರವಾದ ಗುಣ. ಈಗಲೂ ಹೌದು; ಅದೇ ಬೇಸರ.

ಹಳೆಯ ಪದ್ಧತಿಯಲ್ಲಿ ಈ ಚದುರುವಿಕೆಯನ್ನು ಯಂತ್ರ ಸರಿಪಡಿಸುತ್ತಿರಲಿಲ್ಲ. ಅದಕ್ಕಾಗಿ ದಾರಿಯ ತುದಿಯಲ್ಲಿ ಬೇರೊಂದು ಜಾತಿಯ ಎಳೆಯ ಸುರುಳಿಯನ್ನು ಡಬ್ಬಿಯಲ್ಲಿಟ್ಟು ಸೇರಿಸುತ್ತಿದ್ದರು. ಅದು ಮುಂದೆ ಹೋದವರನ್ನು ತಡೆದು ಹಿಂದಿನವರನ್ನು ಕೂಡಿಸುತ್ತದೆ. ಹೊಸ ಯಂತ್ರಕ್ಕೆ ಇವು ಬೇಡ, ತೆಗೆದುಬಿಡಬೇಕು. ಕಲ್ಯಾಣದುರ್ಗದ ನಮ್ಮ ಕೇಬಲ್ ಸ್ಟೇಷನ್ನಿನಲ್ಲಿ ಅಂಥವು ಮೂರಿದ್ದವು. ದೊಡ್ಡವು ಎರಡು, ಮೇಲಿನ ಅಟ್ಟಣೆಯಲ್ಲಿ. ಕೆಳಗೆ, ನೆಲಕ್ಕೆ ತಾಗಿಕೊಂಡು, ಚಿಕ್ಕದೊಂದು — ಹತ್ತು ಕಿಲೋಮೀಟರಿನ ಚದುರುವಿಕೆಯನ್ನು ಅಳಿಸುವಂಥದ್ದು. ದೊಡ್ಡವೆರಡನ್ನು ತೆಗೆದೆ. ಚಿಕ್ಕದು ದಾರಿಯಲ್ಲೇ ಉಳಿಯಿತು. ಉಳಿದರೂ ಸಂಪರ್ಕಕ್ಕೇನೂ ತೊಂದರೆಯಿಲ್ಲ, ಯಂತ್ರ ಹೇಗೋ ಹೊಂದಿಸಿಕೊಳ್ಳುತ್ತದೆ. ಅಂಕಿ ಮಾತ್ರ ಹತ್ತು ಕಿಲೋಮೀಟರ್ ಕಡಿಮೆ ತೋರಿಸುತ್ತದೆ.

ಹಳೆಯ ದಾರಿ ನೂರ ಹದಿನೆಂಟು ಕಿಲೋಮೀಟರ್. ಗಂಗಣ್ಣ ಹಾಕಿದ ಮೇಲೆ ನೂರ ಇಪ್ಪತ್ತೆಂಟು ಇರಬೇಕು. ಕಲ್ಯಾಣದುರ್ಗದಲ್ಲಿ ಲ್ಯಾಪ್‌ಟಾಪ್ ತೆರೆದು ನೋಡಿದೆ. ನೂರ ಹದಿನೆಂಟು.

ಅಷ್ಟು ಸರಿಯಾಗಿ ಹೊಂದುವ ಅಂಕಿಯನ್ನು ಮೊದಲು ಅನುಮಾನಿಸಬೇಕು ಎಂದು ನಾನೇ ಕಿರಿಯರಿಗೆ ಹೇಳಿಕೊಡುತ್ತಿದ್ದೆ! ಅದಿರಲಿ, ಬೆಳಕು ಎರಡೂ ದಿಕ್ಕಿಗೆ ಹೋಗುತ್ತದೆ. ಹಿಂದೂಪುರದ ಯಂತ್ರದಲ್ಲೂ ಒಂದು ಅಂಕಿ ಇತ್ತು, ಆ ತುದಿಯಲ್ಲಿ ಯಾವ ಡಬ್ಬಿಯೂ ಉಳಿದಿರಲಿಲ್ಲ, ಅದು ನಿಜವನ್ನೇ ಹೇಳುತ್ತಿತ್ತು. ನನ್ನ ಕುರ್ಚಿಯಿಂದ ಹತ್ತು ಹೆಜ್ಜೆ. ಎದ್ದು ಹೋಗಿ ನೋಡಲಿಲ್ಲ. ನೋಡಲಿಲ್ಲ ಎಂದೇ ನನ್ನ ನೆನಪು.

ವಾರದ ಮೀಟಿಂಗಿನಲ್ಲಿ ಲ್ಯಾಪ್‌ಟಾಪ್ ತೆರೆದು ಎಲ್ಲರಿಗೂ ತೋರಿಸಿದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಎಲ್ಲರೂ ನನ್ನ ವಿಷಯ ಕೇಳುತ್ತಿದ್ದರು. ಬೆಳಕು ತಾನು ಬಂದ ದಾರಿಯ ಉದ್ದವನ್ನು ತಾನೇ ಹೇಳುತ್ತದೆ ಎಂದೆ. ಉದಾಹರಣೆಗೆ ನೋಡಿ, ಎಂದೆ. ಆ 'ಉದಾಹರಣೆಗೆ' ಎಂಬ ಮಾತು ನನ್ನ ಬಾಯಿಂದ ಬಾರದಿದ್ದರೆ — ಬಂತು. ಮ್ಯಾನೇಜರ್ ಪರದೆ ನೋಡುತ್ತಾ ಮೆಲ್ಲಗೆ ಕೇಳಿದರು:

"ಅಂಟೇ, ಕೇಬಲ್ ವೆಯ್ಯಲೇದಾ?"

ಅಂದರೆ, ಕೇಬಲ್ ಹಾಕಿಯೇ ಇಲ್ಲವಾ? ನಾನು ಆ ಉದ್ದೇಶದಿಂದ ಹೇಳಿರಲಿಲ್ಲ. ಆದರೆ ಆ ಕ್ಷಣದಲ್ಲಿ ನನ್ನ ಅಂಕಿಯನ್ನು ಹಿಂತೆಗೆದುಕೊಳ್ಳುವುದಕ್ಕಿಂತ ಗಂಗಣ್ಣನನ್ನು ಬಿಟ್ಟುಕೊಡುವುದು ಸುಲಭವಾಗಿತ್ತು. ಹೊಸ ಕೇಬಲಿಗೆ ಬೆಳಕು ಬದಲಿಸಲು ಅವರು ಎರಡು ಗಂಟೆ ಸಂಪರ್ಕ ನಿಲ್ಲಿಸಿಕೊಂಡಿದ್ದರಲ್ಲ ಎಂದು ಯಾರೋ ಕೇಳಿದರು. ಜಾಯಿಂಟ್ ಬಿಚ್ಚಿ ಹಳೆಯದಕ್ಕೇ ಮತ್ತೆ ಬೆಸೆದಿರಬಹುದು ಎಂದೆ. ಎಷ್ಟು ಬೇಗ ಹೊಳೆಯಿತು ನೋಡಿ ನನಗೆ! ಅವರು ಕೊಟ್ಟಿದ್ದ ಅಳತೆಯ ಕಾಗದಗಳಲ್ಲಿ ಉದ್ದ ಸರಿಯಾಗಿಯೇ ಇತ್ತು. ಕಾಗದ ಯಾರು ಹೇಗೆ ಬೇಕಾದರೂ ಮಾಡಬಹುದು ಎಂದೆ. ಕೇಬಲಿನಲ್ಲಿ ಖಾಲಿ ಎಳೆಗಳಿದ್ದವು, ಅವುಗಳನ್ನು ನಾನೇ ಇನ್ನೊಂದು ಉಪಕರಣದಿಂದ ಅಳೆಯಬಹುದಿತ್ತು. ಅಳೆಯಲಿಲ್ಲ. ಬರೆದುಕೊಡಿ ಎಂದರು. ಬರೆದೆ. ಒಂದು ಪುಟ. 'ಸ್ಥಳಾಂತರ ಆಗಿಲ್ಲವೆಂದು ತೋರುತ್ತದೆ.' ತೋರುತ್ತದೆ! ನಾಳೆ ಏನಾದರೂ ಆದರೆ ನಾನು ನುಸುಳಿಕೊಳ್ಳಲು ಬಿಟ್ಟುಕೊಂಡ ಕಿಂಡಿ ಅದು.

ಎರಡು ದಿನ ಬಿಟ್ಟು ಗಂಗಣ್ಣ ಹಿಂದೂಪುರದ ಆಫೀಸಿಗೆ ಬಂದರು. ಗಾಡಿಯ ಹಿಂದೆ ಗಡಾರಿ ಕಟ್ಟಿಕೊಂಡೇ ಬಂದಿದ್ದರು. ಕೂರಿ ಎಂದರೆ ಕೂರಲಿಲ್ಲ. ನಾನು ಲೇಸರು, ಚದುರುವಿಕೆ, ಅಂಕಿ ಎಂದು ವಿವರಿಸತೊಡಗಿದೆ. ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡರು. ನನ್ನ ವಿಷಯವನ್ನು ಅಷ್ಟು ಗಮನವಿಟ್ಟು ಕೇಳಿದವರು ಆಫೀಸಿನಲ್ಲೂ ಯಾರಿರಲಿಲ್ಲ. ಕೊನೆಗೆ ಅಂದರು:

"ಸಾರ್, ನಾನು ಓದ್ದೋನಲ್ಲ. ನಿಮ್ ಬೆಳಕಿಗೆ ಬಾಯೈತೆ ಅಂತೀರ, ಇರ್ಬೋದು. ನನ್ ಗಡಾರಿಗೂ ಬಾಯೈತೆ, ಅದನ್ನೂ ಒಂದ್ ಮಾತು ಕೇಳಿ. ಎಲ್ಲಿ ಬೇಕೋ ಅಲ್ಲಿ ಬೊಟ್ಟು ಮಾಡಿ ತೋರ್ಸಿ. ಮೂರೂವರೆ ಅಡಿ. ಅಗ್ದು ನೋಡಿ."

ಅರ್ಧ ಗಂಟೆಯ ಕೆಲಸ. ಪರಿಗಿಯವರೆಗೆ ಹೋಗಿ ಬರಲು ಇನ್ನೊಂದು ಗಂಟೆ. ಅಳೆದು ನೋಡು ಎಂದು ಕಲಿತು ಬಂದವನಿಗೆ ಒಬ್ಬ ಮನುಷ್ಯ ಎದುರಿಗೆ ನಿಂತು ನೋಡಿ ಎಂದು ಕೇಳಿಕೊಳ್ಳುತ್ತಿದ್ದಾನೆ. ನಾನಂದೆ:

"ಅಗೆಯೋ ಅಗತ್ಯ ಇಲ್ಲ ಗಂಗಣ್ಣ. ಅಂಕಿ ಬಂದಿದೆ."

ಅವರು ನನ್ನನ್ನೇ ನೋಡಿದರು. ಕೋಪವಲ್ಲ. ದೊಡ್ಡವರು ಹಟ ಮಾಡುವ ಮಗುವನ್ನು ನೋಡುವ ಹಾಗೆ.

"ಅಂಕಿ ಬಂತಾ. ಆಯ್ತು ಬಿಡಿ. ಮಣ್ಣು ಎಲ್ಗೂ ಹೋಗಾಕಿಲ್ಲ."

ಗಾಡಿ ಹತ್ತಿ ಹೋದರು. ಕಂಪನಿಯವರು ಗುತ್ತಿಗೆದಾರರ ಪಟ್ಟಿಯಿಂದ ಅವರ ಹೆಸರು ತೆಗೆದರು. ಈ ಕಡೆ ಒಬ್ಬರ ಪಟ್ಟಿಯಿಂದ ಹೆಸರು ಹೋದರೆ ಉಳಿದವರ ಪಟ್ಟಿಯಿಂದಲೂ ಹೋಗುತ್ತದೆ. ಆರು ಜನರ ತಂಡ ಆರು ಕಡೆ ಚೆದುರಿತು. ಗಂಗಣ್ಣ ಗೋರಂಟ್ಲದಲ್ಲಿ ಮನೆಮನೆಗೆ ಟೀವಿ ಕೇಬಲ್ ಎಳೆಯುವವರ ಜತೆ ಸೇರಿಕೊಂಡರೆಂದು ಕೇಳಿದೆ. ಸೋಮಂದೇಪಲ್ಲಿಯ ಟೀ ಅಂಗಡಿಯಲ್ಲಿ ಅವರಿಗೆ ಒಂದು ಹೆಸರು ಬಿದ್ದಿತ್ತು — ಗಾಳಿ ಕೇಬಲ್ ಗಂಗಣ್ಣ. ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ನನ್ನ ಕಿವಿಯಾರೆ ಕೇಳಿದ್ದೇನೆ. "ಏನ್ಲಾ, ಗಾಳಿ ಕೇಬಲ್ಲು ಇವತ್ತು ಕಾಣ್ಲಿಲ್ಲ" ಅಂತ ಯಾರೋ ಅಂದರು, ಇನ್ನೊಬ್ಬ "ಗಾಳಿ ಕಣಪ್ಪ, ಹೆಂಗ್ ಕಾಣ್ತದೆ" ಅಂದ. ನಕ್ಕರು. ನಾನು ಬಸ್ಸು ಬರುವ ದಿಕ್ಕಿಗೆ ನೋಡುತ್ತಾ ನಿಂತೆ.

ಅಷ್ಟರ ಹೊತ್ತಿಗೆ ನನಗೆ ನಿಜ ಗೊತ್ತಿತ್ತು. ವರದಿ ಬರೆದ ಎರಡು ತಿಂಗಳಿಗೆ ಯಾವುದೋ ಬೇರೆ ಕೆಲಸಕ್ಕೆ ಹಿಂದೂಪುರದ ಯಂತ್ರದ ಅಂಕಿಗಳನ್ನು ತೆಗೆದಾಗ ನೂರ ಇಪ್ಪತ್ತೆಂಟು ಕಂಡಿತು. ಮರುದಿನವೇ ಕಲ್ಯಾಣದುರ್ಗಕ್ಕೆ ಓಡಿದೆ, ಮಂಡಿಯೂರಿ ಕೆಳಗಿನ ಡಬ್ಬಿ ನೋಡಿದೆ. ಅದರ ನೆತ್ತಿಯ ಮೇಲೆ ವಿಭೂತಿಯ ಮೂರು ಪಟ್ಟೆ, ಕುಂಕುಮದ ಬೊಟ್ಟು. ಸ್ಟೇಷನ್ ನೋಡಿಕೊಳ್ಳುವ ತಿಪ್ಪೇಸ್ವಾಮಿ ಆಯುಧಪೂಜೆಯ ದಿನ ಎಲ್ಲ ಡಬ್ಬಿಗಳಿಗೂ ಹಚ್ಚಿದ್ದು. ಅದನ್ನು ದಾರಿಯಿಂದ ಬಿಡಿಸಿದೆ. ಕಲ್ಯಾಣದುರ್ಗದ ಅಂಕಿಯೂ ನೂರ ಇಪ್ಪತ್ತೆಂಟಾಯಿತು. ದಿನಚರಿಯಲ್ಲಿ 'ಸಣ್ಣ ತಿದ್ದುಪಡಿ' ಎಂದು ಬರೆದೆ. ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಬಂದು ಮನೆಯ ಬೀರುವಿನ ಮೇಲಿಟ್ಟೆ.

ಅಷ್ಟೇ. ಯಾರಿಗೂ ಹೇಳಲಿಲ್ಲ. ಇವತ್ತು ಹೇಳುತ್ತೇನೆ, ಮ್ಯಾನೇಜರ್ ರಜೆಯಿಂದ ಬರಲಿ, ಹೊಸ ಮ್ಯಾನೇಜರಿಗೆ ಹಳೆಯ ಕಥೆ ಯಾಕೆ... ಐದು ವರ್ಷ.

ಆ ಐದು ವರ್ಷ ನಾನೇನು ಮಾಡಿದೆ ಗೊತ್ತೇ? ನನ್ನ ನೆನಪನ್ನು ವಿಚಾರಣೆ ಮಾಡಿದೆ. ವರದಿ ಬರೆಯುವಾಗ ಡಬ್ಬಿ ಉಳಿದಿರುವುದು ನನಗೆ ಗೊತ್ತಿತ್ತೇ, ಇಲ್ಲವೇ? ಗೊತ್ತಿಲ್ಲದಿದ್ದರೆ ನಾನು ಅಜಾಗರೂಕ, ಗೊತ್ತಿದ್ದರೆ ನೀಚ. ಅಜಾಗರೂಕ ಎಂದು ತೀರ್ಪು ಬಂದರೆ ಸಾಕಿತ್ತು, ಹೇಗೋ ಬದುಕಬಹುದಿತ್ತು. ಆದರೆ ಒಂದು ಚಿತ್ರ ಬಿಡುತ್ತಿರಲಿಲ್ಲ. ಮೀಟಿಂಗಿನಲ್ಲಿ ಲ್ಯಾಪ್‌ಟಾಪ್ ಎತ್ತಿದಾಗ ಮೇಜಿನ ಮೇಲೆ ಬೂದಿಯ ಬಿಳಿ ಗೆರೆ ಇತ್ತು, ಅಂಗೈಯಿಂದ ಒರೆಸಿದೆ. ಹಾಗಾದರೆ ಕಲ್ಯಾಣದುರ್ಗದಲ್ಲಿ ನಾನು ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದು ಆ ಡಬ್ಬಿಯ ಮೇಲೆಯೇ. ಅಂಕಿಯನ್ನು ಸುಳ್ಳು ಮಾಡುತ್ತಿದ್ದ ಡಬ್ಬಿಯನ್ನೇ ಪೀಠ ಮಾಡಿಕೊಂಡು ಅಂಕಿ ಓದಿದ್ದೆ. ಆದರೆ ಆ ಬೂದಿ ನಿಜವೇ? ಆಮೇಲೆ ಡಬ್ಬಿಯ ಮೇಲೆ ಕಂಡ ವಿಭೂತಿಯನ್ನು ನನ್ನ ಮನಸ್ಸೇ ತಂದು ಮೀಟಿಂಗಿನ ಮೇಜಿಗೆ ಬಳಿಯಿತೇ? ನೆನಪು ಸಾಕ್ಷಿಯಲ್ಲ, ಅದು ಪ್ರತಿ ಸಲವೂ ಹೊಸದಾಗಿ ಕಟ್ಟುವ ಕಥೆ — ಇಂಥ ವಾದಗಳೆಲ್ಲ ನನ್ನ ಬಳಿ ಬೇಕಾದಷ್ಟಿವೆ. ಎಷ್ಟು ರೇಗುತ್ತದೆಂದರೆ! ತನ್ನ ಅಂಗೈಯ ಬೂದಿಯನ್ನೂ ಅನುಮಾನಿಸಬಲ್ಲ ಮನುಷ್ಯ, ನೂರ ಹದಿನೆಂಟು ಎಂಬ ಮೂರು ಅಂಕಿಯನ್ನು ಒಂದು ನಿಮಿಷವೂ ಅನುಮಾನಿಸಲಿಲ್ಲ.

ಈ ವರ್ಷ ಒಂದು ದಿನ, ಬೆಳಿಗ್ಗೆ ಹತ್ತರ ಸುಮಾರಿಗೆ, ಕೇಬಲ್ ತುಂಡಾಯಿತು.

ತುಂಡಾದ ಜಾಗ ಅಳೆಯುವ ಉಪಕರಣ ಹಿಂದೂಪುರದಿಂದ ಮೂವತ್ತೊಂದು ಕಿಲೋಮೀಟರ್ ಎಂದು ತೋರಿಸಿತು. ದುರಸ್ತಿಗೆ ಬಂದದ್ದು ಬೇರೆ ಊರಿನ ಹೊಸ ತಂಡ. ಅವರ ಕೈಯಲ್ಲಿ ಕಂಪನಿಯ ನಕ್ಷೆ. ನನ್ನ ಒಂದು ಪುಟದಿಂದಾಗಿ ಆ ನಕ್ಷೆಯಲ್ಲಿ ಹೊಸ ದಾರಿಯೇ ಇರಲಿಲ್ಲ, ಹಳೆಯ ರಸ್ತೆ ಬದಿಯ ಗೆರೆಯೇ ಇತ್ತು. ನಕ್ಷೆಯ ಪ್ರಕಾರ ಮೂವತ್ತೊಂದನೆಯ ಕಿಲೋಮೀಟರ್ ಎಲ್ಲಿ ಬಂತೋ ಅಲ್ಲಿ, ರಸ್ತೆ ಬದಿಯಲ್ಲಿ, ಅಗೆದರು. ಬೆಳಕಿಲ್ಲದ ಹಳೆಯ ಕೇಬಲ್ ಸಿಕ್ಕಿತು. ಮೇಸ್ತ್ರಿ ಗುಂಡಿಯಿಂದ ತಲೆ ಎತ್ತಿ, "ಕೇಬಲ್ ಬಾಗುಂದಿ ಸಾರ್, ಎಕ್ಕಡಾ ತೆಗಲೇದು" ಅಂದ. ಕೇಬಲ್ ಚೆನ್ನಾಗಿದೆ, ಎಲ್ಲೂ ತುಂಡಾಗಿಲ್ಲ. ಐವತ್ತು ಹೆಜ್ಜೆ ಮುಂದೆ ಇನ್ನೊಂದು ಗುಂಡಿ. ಅಲ್ಲೂ ಚೆನ್ನಾಗಿತ್ತು. ಮೂರನೆಯದು. ನಾನು ಬೇವಿನ ಮರದ ನೆರಳಲ್ಲಿ ನಿಂತು ನೋಡುತ್ತಿದ್ದೆ. ಅವರು ಸತ್ತ ಕೇಬಲನ್ನು ಅಗೆಯುತ್ತಿದ್ದಾರೆಂದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತು. ಹೇಳಬೇಕಾದರೆ ಹೇಗೆ ಗೊತ್ತು ಎಂಬುದನ್ನೂ ಹೇಳಬೇಕು.

ಅರ್ಧ ಗಂಟೆಗೊಮ್ಮೆ ತಿಪ್ಪೇಸ್ವಾಮಿ ಕಲ್ಯಾಣದುರ್ಗದಿಂದ ಫೋನ್ ಮಾಡುತ್ತಿದ್ದರು. ರೇಷನ್ ಯಂತ್ರ ಹೆಬ್ಬೆರಳು ತೆಗೆದುಕೊಳ್ಳುತ್ತಿಲ್ಲ, ಜನ ಒತ್ತಿ ಒತ್ತಿ ಬೆರಳು ಬಿಳುಚಿಕೊಂಡು ಅಂಗಡಿ ಮುಂದೆ ಕೂತಿದ್ದಾರೆ, ಒಬ್ಬ ಮುದುಕಿ ಉಗುಳು ಹಚ್ಚಿ ಒತ್ತುತ್ತಿದ್ದಾಳೆ ಎಂದರು. ನಾಲ್ಕನೆಯ ಗುಂಡಿಗೆ ಗುರುತು ಹಾಕುವಾಗ ನಾನು ಗಂಗಣ್ಣನಿಗೆ ಫೋನ್ ಮಾಡಿದೆ. ನಂಬರು ಐದು ವರ್ಷ ನನ್ನ ಫೋನಿನಲ್ಲೇ ಇತ್ತು. ಕೇಬಲ್ ಕಟ್ಟಾಗಿದೆ, ಸಿಗುತ್ತಿಲ್ಲ ಎಂದೆ. ಅವರು ಬೇರೇನೂ ಕೇಳಲಿಲ್ಲ. "ಬತ್ತೀನಿ" ಅಂದರು.

ಬಂದು ಗಾಡಿ ನಿಲ್ಲಿಸಿ, ಮೂರು ಗುಂಡಿಗಳನ್ನೂ ಒಂದೊಂದಾಗಿ ಇಣುಕಿ ನೋಡಿದರು. ಕೂದಲು ಪೂರ್ತಿ ನರೆತಿತ್ತು.

"ಬಾವಿ ತೋಡ್ತಿದ್ದೀರಾ ಸಾರ್? ಇಲ್ಲಿ ನೀರು ಬೀಳಾಕಿಲ್ಲ."

ಮೇಸ್ತ್ರಿಗೆ ಕನ್ನಡ ಅರ್ಥವಾಯಿತು, ನಕ್ಕ. ನಾನು ನಗಲಿಲ್ಲ. ಗಂಗಣ್ಣ ನಮ್ಮನ್ನು ರಸ್ತೆಯಿಂದ ಆಚೆ, ಗುಡ್ಡ ಬಳಸಿ, ಒಂದು ದಾಳಿಂಬೆ ತೋಟದ ಬದುವಿಗೆ ಕರೆದುಕೊಂಡು ಹೋದರು. ಆ ವಾರ ಬೇಲಿಗೆ ಹೊಸ ಕಲ್ಲುಕಂಬ ನೆಟ್ಟಿದ್ದರು. ಟ್ರ್ಯಾಕ್ಟರಿಗೆ ಕಟ್ಟಿದ ಯಂತ್ರದಿಂದ ಗುಂಡಿ ಕೊರೆದಿದ್ದರು, ಆ ಯಂತ್ರಕ್ಕೆ ಹೆಂಚಿನ ಕೂಗು ಕೇಳಿಸುವುದಿಲ್ಲ. ಗಂಗಣ್ಣ ಕಂಬಗಳ ಸಾಲಿನಲ್ಲಿ ನಡೆಯುತ್ತಾ ಹೋಗಿ, ಆ ದಿನ ಬೆಳಿಗ್ಗೆಯಷ್ಟೇ ನೆಟ್ಟ, ಬುಡದ ಮಣ್ಣು ಇನ್ನೂ ಹಸಿಯಾಗಿದ್ದ ಕಂಬದ ಹತ್ತಿರ ನಿಂತರು. ಮೇಸ್ತ್ರಿ ಗಡಾರಿಯನ್ನು ಅವರ ಕೈಗೆ ಕೊಡಹೋದ. ಅವರು ಕೈ ಚಾಚಲಿಲ್ಲ.

"ನಾನ್ಯಾಕಪ್ಪ ಅಗೀಲಿ? ಎಲ್ಲೈತೆ ಅಂತ ನನಗ್ ಗೊತ್ತು. ಗೊತ್ತಿಲ್ದೋರು ಅಗೀಬೇಕು."

ನನ್ನನ್ನು ನೋಡಿ ಹೇಳಲಿಲ್ಲ. ನಾನೇ ಹೋಗಿ ಗಡಾರಿ ಇಸಿದುಕೊಂಡೆ. ಎಂಜಿನಿಯರ್ ಸಾರ್ ಯಾಕೆ ಎಂದು ತಂಡದವರು ಅಂದರು. ಅಗೆದೆ. ಕೆಂಪು ಮಣ್ಣು, ಆಮೇಲೆ ಗರಸು, ಆಮೇಲೆ ಸುಣ್ಣಕಲ್ಲು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಗಂಗಣ್ಣ ಬದುವಿನ ಮೇಲೆ ಕೂತು ದಾಳಿಂಬೆ ತೋಟದವನ ಜತೆ ಹೂವು ಉದುರುವ ಬಗ್ಗೆ ಮಾತಾಡುತ್ತಿದ್ದರು. ಮೂರು ಅಡಿಗೆ ಗಡಾರಿ ಟಣ್ ಎಂದಿತು. ಹೆಂಚು. ಕೂಗಿ ಹೇಳಿತು. ಕೈಯಿಂದ ಮಣ್ಣು ಬಳಿದೆ. ಹೆಂಚಿನ ಚೂರುಗಳು, ಅವುಗಳ ಕೆಳಗೆ ಅರ್ಧ ಅಡಿ ಮಣ್ಣು, ಅದರ ಕೆಳಗೆ ಕಿತ್ತಳೆ ಬಣ್ಣದ ಕೊಳವೆ.

ಅರ್ಧ ಗಂಟೆಯೂ ಹಿಡಿದಿರಲಿಲ್ಲ.

ಬೆಸೆಯುವ ಕೆಲಸ ಗಂಗಣ್ಣನೇ ಮಾಡಿದರು. ಹೊಸ ತಂಡದವರು ಸುತ್ತ ಕೂತು ಅವರ ಬೆರಳುಗಳನ್ನೇ ನೋಡುತ್ತಿದ್ದರು. ಬೆಳಕು ಬಂತು. ನಾನು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದೆ. ಅವರು ಕೈ ಒರೆಸಿಕೊಳ್ಳುತ್ತಾ ಕೇಳಿದರು:

"ಎಷ್ಟು ಅಂತೈತೆ ಸಾರ್, ನಿಮ್ ಬೆಳಕು?"

"ನೂರ ಇಪ್ಪತ್ತೆಂಟು."

"ಹ್ಞೂ" ಅಂದರು. ಗಾಡಿ ಹತ್ತಿದರು. ಆಗಲಾದರೂ ಹೇಳಬೇಕಿತ್ತು. ತಂಡದವರಿದ್ದರು, ಎಂದುಕೊಂಡೆ. ತಂಡದವರ ಎದುರಿಗೇ ಹೇಳಬೇಕಿತ್ತು.

ಮರುದಿನ ಕಲ್ಯಾಣದುರ್ಗಕ್ಕೆ ಹೋದೆ, ಆ ತುದಿಯನ್ನು ಪರೀಕ್ಷಿಸಬೇಕಿತ್ತು. ತಿಪ್ಪೇಸ್ವಾಮಿ ಟೀ ತಂದುಕೊಟ್ಟು, ಗಂಗಣ್ಣ ಬಂದಿದ್ದರಂತಲ್ಲ, ಒಳ್ಳೇದಾಯ್ತು ಎಂದರು. ನಾನು ಖಾಲಿ ಬಿದ್ದಿದ್ದ ಕೆಳಗಿನ ಜಾಗವನ್ನು ನೋಡುತ್ತಾ, ಇಲ್ಲೊಂದು ಡಬ್ಬಿ ಇತ್ತಲ್ಲ, ನೆನಪಿದೆಯಾ ಎಂದೆ. ಯಾಕೆ ಕೇಳಿದೆನೋ! ಅವರು ಸಹಜವಾಗಿ ಹೇಳಿದರು:

"ಆವತ್ತೇ ಕೇಳಿದ್ನಲ್ಲ ಸಾರ್. ಎರಡು ದೊಡ್ಡವು ತೆಗುದ್ರಿ, ಈ ಚಿಕ್ಕದೂ ತೆಗೀಬೇಕಾ ಅಂದೆ. ನೀವು ಅದ್ರ ಮೇಲೆ ಕಂಪ್ಯೂಟ್ರು ಮಡಿಕ್ಕಂಡಿದ್ರಿ. ಇರಲಿ ಬಿಡಿ ತಿಪ್ಪೇಸ್ವಾಮಿ, ಅಂದ್ರಿ."

ಕೇಳಿದ ಕೂಡಲೇ ನನ್ನ ಮನಸ್ಸು ಏನು ಮಾಡಿತು ಗೊತ್ತೇ? ಇವರಿಗೆ ವಯಸ್ಸಾಗಿದೆ, ಬೇರೆ ಯಾವುದೋ ದಿನದ ಜತೆ ಕಲಸಿಕೊಂಡಿದ್ದಾರೆ, ಒಬ್ಬರ ಮಾತಿಗೆ ಪುರಾವೆ ಏನು... ಮತ್ತೆ ಅದೇ. ಗಂಗಣ್ಣನಿಗೆ ಮಾಡಿದ್ದನ್ನೇ ತಿಪ್ಪೇಸ್ವಾಮಿಗೂ ಮಾಡಲು ಹೊರಟಿದ್ದೆ. ಟೀ ಲೋಟ ಕೆಳಗಿಟ್ಟೆ. 'ಇರಲಿ ಬಿಡಿ' ಎಂದದ್ದು ನನಗೆ ನೆನಪಿಲ್ಲ, ಈಗಲೂ ಇಲ್ಲ. ಆದರೆ ಅದು ನನ್ನ ಮಾತೇ. ದಿನಕ್ಕೆ ಹತ್ತು ಸಲ ನಾನು ಆಡುವ ಮಾತು. ಗೊತ್ತಿತ್ತೋ ಗೊತ್ತಿರಲಿಲ್ಲವೋ ಎಂಬ ನನ್ನ ಐದು ವರ್ಷದ ವಿಚಾರಣೆಯೇ ಒಂದು ನಾಟಕವಾಗಿತ್ತು. ವರದಿ ಬರೆಯುವ ಮೊದಲು ಏನೇ ಇರಲಿ, ಎರಡು ತಿಂಗಳ ಮೇಲಂತೂ ಗೊತ್ತಾಗಿತ್ತಲ್ಲ. ಅಲ್ಲಿಂದ ಈಚಿನ ಒಂದೊಂದು ದಿನಕ್ಕೂ ಯಾವ ಅನುಮಾನವೂ ಇಲ್ಲ.

ಭಾನುವಾರ ಬೀರುವಿನ ಮೇಲಿನಿಂದ ಡಬ್ಬಿ ಇಳಿಸಿ ಸೋಮಂದೇಪಲ್ಲಿಗೆ ಹೋದೆ. ಗಂಗಣ್ಣ ಜಗುಲಿಯ ಮೇಲೆ ಕೂತು ಯಾರದೋ ಮಿಕ್ಸಿ ಬಿಚ್ಚಿಕೊಂಡಿದ್ದರು. ಡಬ್ಬಿಯನ್ನು ಅವರ ಮುಂದಿಟ್ಟು ಎಲ್ಲ ಹೇಳಿದೆ. ಉಳಿದ ಡಬ್ಬಿ, ನೋಡದ ಅಂಕಿ, 'ಇರಲಿ ಬಿಡಿ', ಐದು ವರ್ಷ. ಮಿಕ್ಸಿಯ ಸ್ಕ್ರೂಗಳು ಉರುಳದ ಹಾಗೆ ಅಂಗೈ ಅಡ್ಡ ಇಟ್ಟುಕೊಂಡು ಕೇಳಿದರು. ಆಮೇಲೆ ಡಬ್ಬಿಯನ್ನು ತಿರುಗಿಸಿ ನೋಡಿ, ಇದರೊಳಗೆ ಎಷ್ಟು ಉದ್ದದ ಎಳೆ ಇದೆ ಎಂದರು. ಸುಮಾರು ಒಂದೂಮುಕ್ಕಾಲು ಕಿಲೋಮೀಟರ್ ಎಂದೆ.

"ಇಷ್ಟೇ ಇಷ್ಟು, ನನ್ ಹತ್ತು ಕಿಲೋಮೀಟ್ರ ತಿಂದ್ಬುಡ್ತಾ."

ಒಳಗಿನಿಂದ ಅವರ ಹೆಂಡತಿ ಯಾರು ಬಂದಿರುವುದು ಎಂದು ಕೇಳಿದರು. "ಬೆಳಕಿನ ಸಾರು ಕಣಮ್ಮ" ಅಂದರು ಗಂಗಣ್ಣ. ಹೆಂಡತಿ ನೀರು ತಂದುಕೊಟ್ಟರು. ನಾನು ಕ್ಷಮಿಸಿ ಎಂದೆ. ಗಂಗಣ್ಣ ಒಂದು ಸ್ಕ್ರೂ ಕೂರಿಸಿ, ತಿರುಪಿ, ಅಂದರು:

"ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಯ್ತದೆ ಸಾರ್. ನನ್ ಹೆಸ್ರು ಹಂಗೇ ಗಾಳಿಗೆ ಹೋಗಿರೋದು. ಆವತ್ತು ಪೇಪರ್ ಮೇಲೆ ಬರ್ದ್ರಲ್ಲ, ಹಂಗೇ ಬರೀರಿ."

ಬರೆದಿದ್ದೇನೆ. ಇದು ಓದುವವರಿಗೆ. ಕಂಪನಿಗೆ ಬೇರೆ ಬರೆದು, ಸಹಿ ಹಾಕಿ, ಹೊಸ ದಾರಿಯ ನಕ್ಷೆ ಲಗತ್ತಿಸಿ ಕಳಿಸಿದ್ದೇನೆ. ಒಂದು ಪ್ರತಿಯನ್ನು ಸೋಮಂದೇಪಲ್ಲಿಯ ಟೀ ಅಂಗಡಿಯವನಿಗೆ ಕೊಟ್ಟು ಗೋಡೆಗೆ ಅಂಟಿಸಲು ಹೇಳಿ ಬಂದಿದ್ದೇನೆ. ಕಂಪನಿಯಿಂದ ಇನ್ನೂ ಉತ್ತರ ಬಂದಿಲ್ಲ. ನನ್ನ ಮೇಲೆ ಏನು ಕ್ರಮವೋ ಗೊತ್ತಿಲ್ಲ, ಕೇಳಲೂ ಹೋಗಿಲ್ಲ. ಗಂಗಣ್ಣನ ಹೆಸರು ಪಟ್ಟಿಗೆ ಮರಳಿದರೂ ಚೆದುರಿದ ಆರು ಜನ ಮರಳುವುದಿಲ್ಲ.

ಆ ಕಾಗದವೂ ಒಂದೇ ಪುಟ. ಹಳೆಯದರಲ್ಲಿದ್ದ ಹಾಗೆ ಯಂತ್ರದ ಅಂಕಿಗಳು ಅದರಲ್ಲಿಲ್ಲ, 'ತೋರುತ್ತದೆ' ಎಂಬ ಮಾತೂ ಇಲ್ಲ. ಮೊದಲ ಸಾಲುಗಳು ಇವು: ಸೋಮಂದೇಪಲ್ಲಿಯ ಗಂಗಣ್ಣ ಕೇಬಲ್ ಹಾಕಿದ್ದಾರೆ. ಮೂರೂವರೆ ಅಡಿ ಆಳದಲ್ಲಿದೆ, ಮೇಲೆ ಹೆಂಚು ಹಾಸಿದ್ದಾರೆ. ನಾನು ಅಗೆದು ನೋಡಿದ್ದೇನೆ.